ಹತ್ತೊಂಬತ್ತನೆಯ ಕಡ್ಡಿ

ನಂಬಬೇಡಿ. ನಿಮ್ಮನ್ನು ನಂಬಿಸಲಿಕ್ಕೆ ಅಂತ ಯಾರೂ ಇಲ್ಲಿ ಕೂತಿಲ್ಲ. ಹಿರೇಮಡುವಿನವರು ಯಾರ ಮುಂದೆಯೂ ಆಣೆ ಹಾಕಿ ಮಾತಾಡಿದವರಲ್ಲ. ಹೇಳುವುದನ್ನು ಹೇಳುತ್ತೇವೆ, ಕೇಳುವವರು ಕೇಳಲಿ. ಆದರೆ ಸುಳ್ಳು ಅನ್ನುವ ಮೊದಲು ಒಂದು ಕೆಲಸ ಮಾಡಿ. ನಮ್ಮೂರಿನ ಯಾವ ಮನೆಗಾದರೂ ಹೋಗಿ, ಯಾವ ಬುಟ್ಟಿಯನ್ನಾದರೂ ಎತ್ತಿಕೊಳ್ಳಿ. ರೊಟ್ಟಿ ಬುಟ್ಟಿಯಾಗಲಿ, ಸಗಣಿ ಬುಟ್ಟಿಯಾಗಲಿ, ಕೂಸು ಮಲಗಿಸುವ ಬುಟ್ಟಿಯಾಗಲಿ. ಅಂಚಿನ ಮೇಲೆ ಬೆರಳಾಡಿಸುತ್ತ ಒಂದು ಸುತ್ತು ಬನ್ನಿ. ಒಂದೇ ಒಂದು ಕಡೆ ಜೋಳದ ಕಾಳಿನಷ್ಟು ಗಂಟು ಬೆರಳಿಗೆ ತಾಗುತ್ತದೆ. ಅಲ್ಲಿಂದ ಶುರುಮಾಡಿ, ನೆಟ್ಟಗೆ ನಿಂತ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಎಣಿಸಿ. ಕೊನೆಗೆ ಒಂದು ಉಳಿಯದಿದ್ದರೆ, ಇದನ್ನು ಹೇಳುತ್ತಿರುವವನ ಅರ್ಧ ಮೀಸೆ ಬೋಳಿಸಿ ಕಳಿಸಿ. ಎಣಿಸಿ ಹೋದವರು ಬಹಳ ಮಂದಿ. ಮೀಸೆ ಪೂರ್ತಿ ಇದೆ.

ಆ ಉಳಿಯುವ ಒಂದು ಕಡ್ಡಿಯ ಕಥೆ ಇದು.

ಯಾವ ಅರಸನ ಕಾಲವೋ, ಎಷ್ಟು ತಲೆಮಾರಿನ ಹಿಂದಿನದೋ, ಬರೆದಿಟ್ಟವರಿಲ್ಲ. ಬಲು ಹಿಂದೆ, ಹೊಳೆ ಈಗಿನ ಪಾತ್ರ ಬಿಟ್ಟು ಊರಿನ ಬಡಗಲಿಗೆ ಹರಿಯುತ್ತಿದ್ದ ಕಾಲದಲ್ಲಿ, ಹಿರೇಮಡು ಅನ್ನುವ ಒಂದು ಊರಿತ್ತಂತೆ. ಊರಿಗೆ ಒಂದು ಅಗಸೆ ಬಾಗಿಲು, ಹೊಳೆದಂಡೆಗೆ ಒಂದು ಬಿದಿರ ಮೆಳೆ. ಮೆಳೆ ಎಷ್ಟು ದಟ್ಟ ಅಂದರೆ ಒಳಗೆ ಹೊಕ್ಕ ಗಾಳಿ ಹೊರಗೆ ಬರಲಿಕ್ಕೆ ದಾರಿ ಕೇಳುತ್ತಿತ್ತು ಅಂತಾರೆ.

ಆ ಊರಿಗೆ ಒಬ್ಬ ಹೆಂಗಸು ಬಂದಳು. ಮೇದಾರರ ಹೆಂಗಸು. ಬಿದಿರು ಸೀಳಿ ಬುಟ್ಟಿ, ಮೊರ, ತಟ್ಟಿ ಹೆಣೆಯುವುದು ಅವರ ಕುಲದ ಕಸುಬು. ಹೆಸರು ಹುಲಿಗೆವ್ವ. ಬಂದಾಗ ಕೈಯಲ್ಲಿ ಒಂದು ಕತ್ತಿ, ಹೆಗಲ ಮೇಲೆ ಒಂದು ಸಣ್ಣ ಗಂಟು, ಹಿಂದೆ ಮುಂದೆ ಯಾರೂ ಇಲ್ಲ. ಹೊಳೆ ತುಂಬಿ ಅಂಬಿಗರು ಕೂಡ ದಡ ಬಿಟ್ಟು ಕದಲದ ದಿನ, ತಾನೇ ಹೆಣೆದ ಬುಟ್ಟಿಯೊಳಗೆ ಕೂತು ಆಚೆ ದಡದಿಂದ ಈಚೆ ದಡಕ್ಕೆ ಬಂದಳು ಅಂತಾರೆ. ಅದು ಹರಿಗೋಲು ಇದ್ದಿರಬೇಕು ಅಂತ ಪಕ್ಕದೂರಿನವರು ತಿದ್ದಲಿಕ್ಕೆ ಬರುತ್ತಾರೆ. ಹರಿಗೋಲಿಗೆ ಚರ್ಮ ಹೊದಿಸಿರುತ್ತಾರೆ. ಅವಳದಕ್ಕೆ ಚರ್ಮ ಇರಲಿಲ್ಲ. ಬುಟ್ಟಿ ಅಂದರೆ ಬುಟ್ಟಿ.

ಮೆಳೆಯ ಪಕ್ಕದಲ್ಲಿ ಗುಡಿಸಲು ಹಾಕಿದಳು. ಅಲ್ಲಿಯವರೆಗೆ ಹಿರೇಮಡುವಿನಲ್ಲಿ ಬುಟ್ಟಿ ಹೆಣೆಯುವವರೇ ಇರಲಿಲ್ಲ, ಸಂತೆಯಿಂದ ತರುತ್ತಿದ್ದರು. ಅವಳು ಹೆಣೆದ ಬುಟ್ಟಿಗೆ ಸಾಸಿವೆ ಸುರಿದರೆ ಒಂದು ಕಾಳು ಸೋರುತ್ತಿರಲಿಲ್ಲ ಅಂತಾರೆ. ಕತ್ತಿಯ ಬೆನ್ನಿನಿಂದ ಬಿದಿರಿಗೆ ಮೆಲ್ಲಗೆ ತಟ್ಟಿದರೆ ಅದು ತನ್ನ ವಯಸ್ಸು ಹೇಳುತ್ತಿತ್ತು ಅಂತಾರೆ. ವರ್ಷಗಳು ಹೋದವು, ಹುಲಿಗೆವ್ವ ಹುಲಿಗಜ್ಜಿಯಾದಳು. ಅವಳ ಗಂಡ ಯಾರು, ತವರು ಯಾವುದು ಅಂತ ಯಾರಾದರೂ ಕೇಳಿದರೆ, ಕೇಳಿದವರ ಕೈಗೆ ಬಿದಿರು ಸೀಳಿದ ಒಂದು ದಬ್ಬೆ ಕೊಟ್ಟು, "ಇದನ್ನ ಸ್ವಲ್ಪ ಹಿಡಿ" ಅನ್ನುತ್ತಿದ್ದಳಂತೆ. ಅಷ್ಟಕ್ಕೆ ಮಾತು ಮುಗಿಯುತ್ತಿತ್ತು. ಮಕ್ಕಳಿಲ್ಲದವಳು ಅಂತ ಊರು ತಾನೇ ತೀರ್ಮಾನ ಮಾಡಿಕೊಂಡಿತು.

ಈಗ ಊರಿನ ಒಂದು ಪದ್ಧತಿ ಹೇಳಬೇಕು. ಹುಟ್ಟಿದ ಕೂಸಿಗೆ ಹದಿಮೂರು ದಿನದವರೆಗೆ ತೊಟ್ಟಿಲೂ ಇಲ್ಲ, ಹೆಸರೂ ಇಲ್ಲ. ಹೊಸ ಬುಟ್ಟಿಯೊಂದರಲ್ಲಿ ಹಳೆ ಸೀರೆ ಹಾಸಿ ಮಲಗಿಸುತ್ತಾರೆ. ಅದಕ್ಕೆ ಕೂಸಿನ ಬುಟ್ಟಿ ಅಂತಲೇ ಹೆಸರು. ಹದಿಮೂರನೆಯ ದಿನ ಬುಟ್ಟಿಯಿಂದ ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳುತ್ತಾರೆ. ಆಮೇಲೆ ಅದು ಊರಿನ ಲೆಕ್ಕಕ್ಕೆ ಸೇರಿತು. ಅದರ ಮೊದಲೇ ಹೋದರೆ ಹೆಸರಿಲ್ಲದೆ ಹೋದಂತೆ. ಇನ್ನೊಂದು ಪದ್ಧತಿ, ಬಾಣಂತಿಯ ಕೋಣೆಗೆ ಒಂಟಿಯಾದದ್ದು ಯಾವುದೂ ಹೋಗಕೂಡದು. ಎಲೆ ಎರಡು, ಅಡಿಕೆ ಎರಡು, ಬಳೆ ಜೋಡಿ. ಒಂಟಿ ಎಲೆ, ಒಂಟಿ ದೀಪ, ಅವು ಮಣ್ಣು ಮಾಡುವ ದಿನಕ್ಕೆ.

ಇಷ್ಟು ನೆನಪಿಟ್ಟುಕೊಂಡರೆ ಸಾಕು. ಉಳಿದದ್ದು ಗೂಳಪ್ಪನ ಕಥೆ.

ಗೂಳಪ್ಪ ಅಂದರೆ ಹಿರೇಮಡುವಿನ ಹೆಮ್ಮೆ. ಅಗಸೆಯ ಪಕ್ಕದ ಸಂಗ್ರಾಣಿ ಕಲ್ಲನ್ನು ಒಂದೇ ಉಸಿರಿಗೆ ಹೆಗಲಿಗೇರಿಸಿ, ಊರು ಸುತ್ತಿ ಬಂದು, ಇಳಿಸುವಾಗ ಸದ್ದಾಗದಂತೆ ಇಳಿಸುತ್ತಿದ್ದನಂತೆ. ಆ ಕಲ್ಲು ಇವತ್ತಿಗೂ ಅಲ್ಲೇ ಇದೆ. ತೋಳಲ್ಲಿ ಬಲ ಇದೆ ಅನ್ನುವವರು ಬಂದು ನೋಡಬಹುದು. ಬಂದವರು ಸೊಂಟ ಹಿಡಿದುಕೊಂಡು ಹೋಗಿದ್ದಾರೆ. ಅವನು ಎದುರು ಬಂದರೆ ಎತ್ತು ಪಕ್ಕಕ್ಕೆ ಸರಿಯುತ್ತಿತ್ತು ಅಂತಾರೆ. ತನ್ನ ಕೈ ಮುಟ್ಟಿದ್ದು ಆಗದೆ ಉಳಿದದ್ದಿಲ್ಲ ಅಂತ ಅವನೇ ಹೇಳಿಕೊಳ್ಳುತ್ತಿದ್ದ. ಅದು ಸುಳ್ಳೂ ಆಗಿರಲಿಲ್ಲ, ಮಕ್ಕಳ ಮಾತು ಬರುವವರೆಗೆ.

ಅವನ ಹೆಂಡತಿ ನೀಲವ್ವ. ಮೊದಲನೆಯದು ಗಂಡು ಕೂಸು. ಹುಲಿಗಜ್ಜಿಯ ಬುಟ್ಟಿಯಲ್ಲಿ ಮಲಗಿತು. ಒಂಬತ್ತನೆಯ ದಿನ ಜ್ವರ ಬಂದು ಹೋಯಿತು. ಎರಡನೆಯದೂ ಗಂಡು. ಹನ್ನೊಂದನೆಯ ದಿನ ಹಾಲು ಕುಡಿಯುವುದನ್ನು ಬಿಟ್ಟಿತು, ಸಂಜೆಗೆ ಇಲ್ಲವಾಯಿತು. ಎರಡಕ್ಕೂ ಹೆಸರಿರಲಿಲ್ಲ. ಕಲ್ಲು ಎತ್ತುವ ಕೈಯಲ್ಲಿ ಎರಡು ಸಲ ಆ ಹಗುರ ಗಂಟು ಎತ್ತಿಕೊಂಡು ಹೋಗಿ ಮಣ್ಣಿಗೆ ಕೊಟ್ಟು ಬಂದ.

ಎರಡನೆಯ ಸಲ ಮಣ್ಣು ಮಾಡಿ ಬಂದವನು ಕೈಕಾಲು ತೊಳೆಯಲಿಲ್ಲ. ಕೋಣೆಯಲ್ಲಿದ್ದ ಖಾಲಿ ಬುಟ್ಟಿ ಎತ್ತಿಕೊಂಡು ನೇರ ಹುಲಿಗಜ್ಜಿಯ ಗುಡಿಸಲಿಗೆ ಹೋದ. ಅವಳ ಹೊಸ್ತಿಲ ಮೇಲೆ ಬುಟ್ಟಿ ಇಟ್ಟು ಕಾಲಿನಿಂದ ತುಳಿದ. ಕಡ್ಡಿಗಳು ಲಟಲಟ ಮುರಿದವು. ಊರೆಲ್ಲ ನೋಡುತ್ತಿತ್ತು.

"ಹೆತ್ತವಳಾಗಿದ್ರ ಗೊತ್ತಾಗ್ತಿತ್ತು ನಿನಗ" ಅಂದನಂತೆ. "ಬಂಜಿ ಕೈಯಾಗಿನ ಬುಟ್ಟಿ. ಅದು ನನ್ನ ಕೂಸು ತಿಂತು."

ಅವನು ಹೋದ ಮೇಲೆ ಹುಲಿಗಜ್ಜಿ ಮುರಿದ ಕಡ್ಡಿಗಳನ್ನು ಒಂದೊಂದಾಗಿ ಆರಿಸಿ ಒಳಗೆ ಒಯ್ದಳು ಅಂತಾರೆ. ಮರುದಿನ ಎಂದಿನಂತೆ ಕೂತು ಬಿದಿರು ಸೀಳಿದಳು ಅಂತಾರೆ. ಗೂಳಪ್ಪ ಆ ದಾರಿ ತುಳಿಯುವುದನ್ನೇ ಬಿಟ್ಟ.

ಒಂದು ವರ್ಷ ಕಳೆಯಿತು. ನೀಲವ್ವ ಮತ್ತೆ ಬಸುರಿಯಾದಳು. ಐದು ತಿಂಗಳು ತುಂಬುವವರೆಗೆ ಆ ಮನೆಯಲ್ಲಿ ಅದರ ಮಾತೇ ಇಲ್ಲ. ಮಾತಾಡಿದರೆ ಯಾರದೋ ಕಿವಿಗೆ ಬಿದ್ದೀತು ಅನ್ನುವಂತೆ ಇಬ್ಬರೂ ಸುಮ್ಮನಿದ್ದರು. ಒಂದು ದಿನ ಗೂಳಪ್ಪ ಉಣ್ಣಲಿಕ್ಕೆ ಕೂತಾಗ ನೀಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅಂದಳಂತೆ, "ಈ ಸಲ ಕೂಸಿನ ಬುಟ್ಟಿ ನೀವು ಹೆಣೀಬೇಕು."

ಗೂಳಪ್ಪ ನಕ್ಕ. "ನಾನೇನು ಮೇದಾರನೇನು?"

"ಅಪ್ಪ ಆಗೋರಲ್ಲ?"

"ಸಂತಿಯಿಂದ ತರ್ತೀನಿ ಬಿಡು. ಬೇಕಂದ್ರ ಹತ್ತು ತರ್ತೀನಿ."

"ಒಲ್ಲೆ. ನೀವು ಹೆಣೀಬೇಕು. ಹುಲಿಗಜ್ಜಿ ಹತ್ರ ಕಲಿತು ಹೆಣೀಬೇಕು. ಎಲ್ಲಿ ತುಳಿದ್ರೋ ಅಲ್ಲೇ ಕುಂತು ಹೆಣೀರಿ. ಆ ಬುಟ್ಟಿ ಮನಿಗೆ ಬರೂತನಾ ನಾನು ಬಾಣಂತನದ ಕೋಣಿಗೆ ಕಾಲಿಡಂಗಿಲ್ಲ. ಬೇಕಂದ್ರ ದನದ ಕೊಟ್ಟಿಗ್ಯಾಗ ಹಡೀತೀನಿ."

ನೀಲವ್ವ ಜಾಸ್ತಿ ಮಾತಿನವಳಲ್ಲ. ಅದಕ್ಕೇ ಅವನಿಗೆ ಹೆದರಿಕೆಯಾಯಿತು. ಕಲ್ಲಿಗೆ ಹೆದರದವನು ಹೆಂಡತಿಯ ಆ ಮೆಲುದನಿಗೆ ಹೆದರಿದ ಅಂತಾರೆ. ಎರಡು ಕೂಸುಗಳ ಮಣ್ಣಿನಲ್ಲಿ ಅವಳ ಜೀವ ಅರ್ಧ ಹೋಗಿತ್ತು. ಮೂರನೆಯದೂ ಹೋದರೆ ಇವಳೂ ಉಳಿಯುವುದಿಲ್ಲ ಅಂತ ಅವನಿಗೆ ಗೊತ್ತಿತ್ತು.

ಮರುದಿನ ಬೆಳಗ್ಗೆ ಹೋದ. ಹುಲಿಗಜ್ಜಿ ಅಂಗಳದಲ್ಲಿ ಕೂತಿದ್ದಳು. ಅವನು ಹೊಸ್ತಿಲ ಹತ್ತಿರ ನಿಂತ. ಯಾವ ಮಾತಿನಿಂದ ಶುರುಮಾಡಬೇಕೋ ತಿಳಿಯದೆ, "ನನಗೊಂದು ಬುಟ್ಟಿ ಹೆಣಿಯೂದು ಕಲಿಸು" ಅಂದ. ಕ್ಷಮಿಸು ಅನ್ನಲಿಲ್ಲ. ಅವನ ಬಾಯಿಗೆ ಆ ಮಾತಿನ ರೂಢಿಯೇ ಇರಲಿಲ್ಲ.

ಅಜ್ಜಿ ತಲೆ ಎತ್ತದೆ ಅಂದಳು, "ಬಿದಿರು ತಾ."

ಕಲಿಸುವುದು ಅಲ್ಲಿಂದ ಶುರು. ಗೂಳಪ್ಪ ಮೆಳೆಗೆ ಹೋಗಿ ಎಲ್ಲಕ್ಕಿಂತ ದಪ್ಪದ, ಎಲ್ಲಕ್ಕಿಂತ ಎತ್ತರದ ಬಿದಿರನ್ನು ಕಡಿದು, ಎಲೆ ಕೂಡ ಸವರದೆ ಒಬ್ಬನೇ ಹೊತ್ತು ತಂದು ಅವಳ ಮುಂದೆ ಕೆಡವಿದ. ದೂಳೆದ್ದಿತು. ಅವಳು ಕತ್ತಿಯ ಬೆನ್ನಿನಿಂದ ಒಮ್ಮೆ ತಟ್ಟಿದಳು, ಕೇಳಿದಳು.

"ಚಟ್ಟಕ್ಕಾದ್ರ ಚಲೋ ಐತಿ. ಕೂಸಿಗೆ ಬ್ಯಾಡ."

ಗೂಳಪ್ಪನ ಬೆವರು ಅಲ್ಲೇ ತಣ್ಣಗಾಯಿತು ಅಂತಾರೆ. ಮತ್ತೆ ಹೋದ. ಎಳೆಯದು ತಂದ. ಎಳೆಯದಕ್ಕೆ ಮೈಮೇಲೆ ಬೂದಿಯಂಥ ಬಿಳಿ ಪುಡಿ ಇರುತ್ತದೆ. ಅದು ಒಣಗಿದರೆ ಮುದುಡುತ್ತದೆ. ಅದನ್ನೂ ಬೇಲಿಗೆ ಎಸೆದಳು. ಹೀಗೆ ಏಳು ದಿನ, ಏಳು ಬಿದಿರು. ಎಂಟನೆಯ ದಿನ ಅವನು ಕಡಿಯುವ ಮೊದಲು ತಾನೇ ತಟ್ಟಿ ನೋಡಿದ. ಮೊದಲ ಸಲ ಬಿದಿರಿನ ದನಿ ಕೇಳಿದ. ಅದನ್ನು ಅವಳು ಎಸೆಯಲಿಲ್ಲ.

ಆಮೇಲೆ ಸೀಳುವುದು. ಇದರಲ್ಲಿ ತಾನೇ ಗಟ್ಟಿ ಅಂದುಕೊಂಡಿದ್ದ ಗೂಳಪ್ಪ. ಕತ್ತಿ ಇಟ್ಟು ಎಳೆದ. ಬಿದಿರು ಅರ್ಧದವರೆಗೆ ನೆಟ್ಟಗೆ ಬಂದು ಒಂದು ಮಗ್ಗುಲಿಗೆ ಜಾರಿ, ಒಂದು ಕಡೆ ದಪ್ಪ ಒಂದು ಕಡೆ ತೆಳುವಾಗಿ ಹರಿದು ಬಂತು. ಇನ್ನೂ ಬಲ ಹಾಕಿದ. ಇನ್ನೂ ಬೇಗ ಜಾರಿತು. ಮೂರು ದಿನ ಹೀಗೇ ಆಯಿತು. ನಾಲ್ಕನೆಯ ದಿನ ಹುಲಿಗಜ್ಜಿ ಅವನ ಕೈಮೇಲೆ ತನ್ನ ಒಣಗಿದ ಕೈ ಇಟ್ಟಳು.

"ತೆಳ್ಳಗಾಗೂ ಕಡೆ ಎಳೀಬ್ಯಾಡ, ತಮ್ಮಾ. ದಪ್ಪ ಇರೂದನ್ನ ಬಗ್ಗಿಸು. ದಪ್ಪ ಬಗ್ಗಿದ್ರ ಸೀಳು ತಾನೇ ನಡುವಿಗೆ ಬರ್ತೈತಿ."

ಬಗ್ಗಿಸಿದ. ಬಂತು. ತಾನು ಬಗ್ಗಿದ್ದು ಅವನಿಗೆ ಆಗ ತಿಳಿಯಲಿಲ್ಲ ಅಂತ ಹೇಳುವವರಿದ್ದಾರೆ. ಅದನ್ನು ಅವರು ಸೇರಿಸಿದ್ದು. ಸೀಳು ನಡುವಿಗೆ ಬಂತು, ಅಷ್ಟೇ ನಿಜ.

ಸೀಳಿದ್ದನ್ನು ಹೆರೆಯಬೇಕು, ಹೆರೆದದ್ದನ್ನು ಹೊಳೆಯ ಮರಳಿನಲ್ಲಿ ಹೂತು ನೆನೆಸಬೇಕು, ಆಮೇಲೆ ಬೆರಳಿಗೆ ಸುತ್ತಿದರೆ ಚಿಟ್ ಅನ್ನದೆ ಉಂಗುರದಂತೆ ಕೂರಬೇಕು. ಗೂಳಪ್ಪನ ಅಂಗೈಗೆ ಕಲ್ಲಿನಿಂದ ಬಂದ ಜಡ್ಡುಗಳಿದ್ದವು. ಬಿದಿರಿನ ಸಿಬಿರು ಜಡ್ಡು ಇಲ್ಲದ ಜಾಗವನ್ನೇ ಹುಡುಕಿ ಚುಚ್ಚಿತು. ರೊಟ್ಟಿ ಮುರಿಯಲಿಕ್ಕೂ ಆಗದೆ ನೀಲವ್ವನೇ ಮುರಿದು ಕೊಡುತ್ತಿದ್ದಳಂತೆ.

ಊರವರು ಬಿಡುತ್ತಾರೆಯೇ? ಕಟ್ಟೆಯ ಮೇಲೆ ಕೂತವರು ಕರೆದು ಕೇಳುತ್ತಿದ್ದರು.

"ಏನಪಾ ಗೂಳಪ್ಪ, ಸಂಗ್ರಾಣಿ ಕಲ್ಲು ಬಿಟ್ಟು ಸಿಬಿರು ಎತ್ತಾಕ ಹತ್ತೀಯಂತ? ಸೊಂಟ ಜ್ವಾಕಿ."

"ನಮ್ಮನಿ ಕೋಳಿಗೊಂದು ಪಂಜರ ಹೆಣದು ಕೊಡೋ ಮಾರಾಯಾ. ಸಣ್ಣದು. ಕೋಳಿನೂ ಸಣ್ಣದೈತಿ."

ಹಿಂದೆ ಆಗಿದ್ದರೆ ಕಟ್ಟೆಯೇ ಖಾಲಿಯಾಗುತ್ತಿತ್ತು. ಈಗ ಅವನು ಕೈ ಮಡಿಚಿಕೊಂಡು ಹೋಗುತ್ತಿದ್ದ.

ಅವನು ಹೆಣೆದ ಮೊದಲ ಬುಟ್ಟಿ ಗೀಜಗ ಅರ್ಧಕ್ಕೆ ಬಿಟ್ಟುಹೋದ ಗೂಡಿನಂತಿತ್ತು. ಹುಲಿಗಜ್ಜಿ ಅದನ್ನು ದಾರಿಗೆ ಕಾಣುವಂತೆ ಬೇಲಿಗೆ ತೂಗುಹಾಕಿದಳು. ಎರಡನೆಯದನ್ನೂ ಹಾಕಿದಳು. ಮೂರನೆಯದನ್ನು ಆಡು ತಿಂದಿತು. ಗೂಳಪ್ಪ ನಾಚಿಕೆ ತಡೆಯಲಾರದೆ, "ಅವನ್ನ ತೆಗಿಯಬಾರದೇನು? ಊರೆಲ್ಲ ನೋಡ್ತೈತಿ" ಅಂದ.

"ನೋಡ್ಲಿ. ತುಳಿದಾಗೂ ಊರು ನೋಡಿತ್ತು."

ಕಲಿಸಿದ ಅಷ್ಟೂ ತಿಂಗಳಲ್ಲಿ ಅವಳು ಆ ಮಾತು ಎತ್ತಿದ್ದು ಅದೊಂದೇ ಸಲ. ಅವನು ಕತ್ತು ಬಗ್ಗಿಸಿ ನಾಲ್ಕನೆಯದಕ್ಕೆ ಕೈಹಾಕಿದ.

ಹೆಣೆಯುವ ರೀತಿ ಹೀಗೆ. ಎಂಟು ದಬ್ಬೆಗಳನ್ನು ನಕ್ಷತ್ರದ ಹಾಗೆ ಒಂದರ ಮೇಲೊಂದು ಅಡ್ಡಡ್ಡ ಇಟ್ಟು ತಳ ಕಟ್ಟುವುದು. ಎಂಟು ದಬ್ಬೆಗೆ ಹದಿನಾರು ತುದಿ. ಅವನ್ನು ಮೇಲಕ್ಕೆ ಬಗ್ಗಿಸಿದರೆ ಹದಿನಾರು ಕಡ್ಡಿ ನಿಲ್ಲುತ್ತವೆ. ಆಮೇಲೆ ಒಂದು ತೆಳು ಎಳೆಯನ್ನು ಕಡ್ಡಿಯ ಹೊರಗೊಮ್ಮೆ, ಮುಂದಿನದರ ಒಳಗೊಮ್ಮೆ ಹಾಯಿಸುತ್ತ ಸುತ್ತಿಸುವುದು. ಅಂಗಳದಲ್ಲಿ ಪ್ರತಿ ಸಲ ಹದಿನಾರು ನಿಂತ ಮೇಲೆ, ಹುಲಿಗಜ್ಜಿ ಒಂದು ಕ್ಷಣ ಸುಮ್ಮನಾಗಿ, ಇನ್ನೊಂದು ಬಿಡಿ ಕಡ್ಡಿ ಅವನ ಕೈಗೆ ಕೊಟ್ಟು ತಳಕ್ಕೆ ಚುಚ್ಚಿಸುತ್ತಿದ್ದಳು. ಯಾಕೆ ಅಂತ ಅವಳು ಹೇಳಲಿಲ್ಲ, ಇವನು ಕೇಳಲಿಲ್ಲ. ಮುದುಕಿಯ ಒಂದು ಚಾಳಿ ಅಂದುಕೊಂಡ.

ನೀಲವ್ವನಿಗೆ ಒಂಬತ್ತು ತುಂಬಿತು. ಅವತ್ತು ಹುಲಿಗಜ್ಜಿ ಅಂದಳು, "ಇನ್ನ ಕೂಸಿನ ಬುಟ್ಟಿ. ನಿನ್ನ ಮನ್ಯಾಗ ಕುಂತು ಹೆಣಿ. ನನ್ನ ಕೈ ಹತ್ತಬಾರದು. ಮುಗಿದ ಮ್ಯಾಲೆ ತಗೊಂಡು ಬಾ, ನೋಡೂಣು."

ಗೂಳಪ್ಪ ಮನೆಯಲ್ಲಿ ಕೂತ. ಎಂಟು ದಬ್ಬೆ ಇಟ್ಟ. ಹದಿನಾರು ಕಡ್ಡಿ ನಿಲ್ಲಿಸಿದ. ಆಮೇಲೆ ಆ ಬಿಡಿ ಕಡ್ಡಿಯ ನೆನಪಾಯಿತು. ಕೈಗೆ ಎತ್ತಿಕೊಂಡ. ಒಂಟಿ ಕಡ್ಡಿ. ಜೋಡಿ ಇಲ್ಲದ ಎಲೆ ಕೂಡ ಹೋಗದ ಕೋಣೆಗೆ, ಕೂಸಿನ ಮಗ್ಗುಲಿಗೇ, ಒಂಟಿ ಕಡ್ಡಿ. ಹಿಂದಿನ ಎರಡು ಬುಟ್ಟಿಗಳಲ್ಲೂ ಅದು ಇತ್ತು ಅಂತ ಆಗ ಹೊಳೆಯಿತು. ಅವನು ಆ ಕಡ್ಡಿಯನ್ನು ಮುರಿದು ಒಲೆಗೆ ಹಾಕಿದ.

ಹದಿನಾರರ ಮೇಲೆಯೇ ಎಳೆ ಸುತ್ತಿದ. ಬುಟ್ಟಿ ಮಾತು ಕೇಳಲಿಲ್ಲ. ಮೊದಲ ಸುತ್ತು ಎಲ್ಲೆಲ್ಲಿ ಕಡ್ಡಿಯ ಹೊರಗೆ ಹೋಗಿತ್ತೋ, ಎರಡನೆಯ ಸುತ್ತೂ ಅಲ್ಲೇ ಹೊರಗೆ ಹೋಯಿತು. ಎಲ್ಲೆಲ್ಲಿ ಒಳಗೋ ಅಲ್ಲೇ ಒಳಗೆ. ಒಂದನ್ನೊಂದು ಹಿಡಿಯದೆ ಸುತ್ತುಗಳೆಲ್ಲ ಸಡಿಲವಾಗಿ ಕೂತವು. ಬೇರೆಯವರಾಗಿದ್ದರೆ ಕೈಬಿಡುತ್ತಿದ್ದರು. ಇವನು ಗೂಳಪ್ಪ. ಹೆಬ್ಬೆರಳಿನಿಂದ ಒತ್ತಿ ಒತ್ತಿ ಸುತ್ತುಗಳನ್ನು ಕೂರಿಸಿದ, ಒಳಗಿನಿಂದ ನೂಲಿನ ಹುರಿ ಬಿಗಿದ, ಅಂಚನ್ನು ಎರಡು ಸಲ ಕಟ್ಟಿದ. ನೋಡಲಿಕ್ಕೆ ಅಂಥ ಚೆಂದದ ಬುಟ್ಟಿ ಹಿರೇಮಡುವಿನಲ್ಲಿ ಆವರೆಗೆ ಯಾರೂ ಕಂಡಿರಲಿಲ್ಲ ಅಂತಾರೆ.

ಅದನ್ನು ತಲೆಯ ಮೇಲಿಟ್ಟುಕೊಂಡು ಬೇಕಂತಲೇ ಕಟ್ಟೆಯ ಮುಂದಿನಿಂದ ಹೋದ. ಕಟ್ಟೆಯವರು ಎದ್ದು ಹಿಂದೆ ಬಂದರು. ತುಂಬಿದ ಬಸುರಿ ನೀಲವ್ವನೂ ಮೆಲ್ಲಗೆ ಬಂದಳು. ಹುಲಿಗಜ್ಜಿಯ ಅಂಗಳ ತುಂಬಿತು.

ಅಜ್ಜಿ ಬುಟ್ಟಿಯ ಅಂಚಿನ ಮೇಲೆ ಬೆರಳಾಡಿಸಿ ಒಂದು ಸುತ್ತು ಬಂದಳು. ಹೊಳೆಯಿಂದ ಹಸಿ ಮರಳು ತರಿಸಿದಳು. ಹುಟ್ಟಿದ ಕೂಸಿನ ತೂಕದಷ್ಟು ಮರಳು ಹಾಕಿ ಮೂರು ಸಲ ತೂಗಿ ನೋಡುವುದು ಅವಳ ಪರೀಕ್ಷೆ. ಬುಟ್ಟಿ ತುಂಬಿ ಗೂಳಪ್ಪನ ಕೈಗೇ ಕೊಟ್ಟಳು. "ತೂಗು" ಅಂದಳು.

ಒಂದು ಸಲ ತೂಗಿದ. ತಡೆಯಿತು. ಎರಡನೆಯ ಸಲಕ್ಕೆ ಒಳಗಿನ ಹುರಿ ಟಪ್ ಅಂದಿತು. ಮೂರನೆಯದಕ್ಕೆ ಹದಿನಾರು ಕಡ್ಡಿಗಳೂ ಹೂವಿನ ಎಸಳು ಬಿಚ್ಚಿದ ಹಾಗೆ ಬಿಚ್ಚಿಕೊಂಡವು, ತಳ ಜಾರಿತು, ಮರಳು ಧೊಪ್ಪನೆ ಅವನ ಕಾಲ ಮೇಲೆ ಬಿತ್ತು.

ಯಾರೂ ನಗಲಿಲ್ಲ ಅಂತಾರೆ. ಕಟ್ಟೆಯವರು ಕೂಡ. ಎಲ್ಲರೂ ನೀಲವ್ವನ ಕಡೆ ನೋಡಿದರು. ಅವಳು ಆ ಮರಳಿನ ಗುಪ್ಪೆಯನ್ನು ನೋಡುತ್ತ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. ಗೂಳಪ್ಪನ ಕೈಯಲ್ಲಿ ಬರೀ ಅಂಚು ಉಳಿದಿತ್ತು.

ಮಂದಿ ಚದುರಿದ ಮೇಲೆ ಅವನು ಅಲ್ಲೇ ನೆಲಕ್ಕೆ ಕೂತ.

"ಒಂದು ಕಡ್ಡಿ ಬಿಟ್ಟೀದಿ" ಅಂದಳು ಅಜ್ಜಿ.

"ಒಂಟಿ ಕಡ್ಡಿ ಕೂಸಿಗೆ ಹ್ಯಾಂಗ ಹಾಕ್ಲಿ? ನೀ ಅದನ್ನ ನನ್ನ ಎರಡೂ ಕೂಸಿಗೆ ಹಾಕಿದ್ದಿ."

"ಹಾಕಿದ್ದೆ. ಈ ಊರಾಗಿನ ಎಲ್ಲಾ ಕೂಸಿಗೂ ಹಾಕೀನಿ. ನಿನಗೂ ಹಾಕಿದ್ದೆ. ಕಲ್ಲು ಎತ್ತೂವಷ್ಟು ಬೆಳದಿ."

ಆಮೇಲೆ ಅವಳು ನಿಧಾನವಾಗಿ ಹೇಳಿದಳು. ಅವಳ ಅತ್ತೆ ಕಲಿಸಿದ್ದು ಜೋಡಿ ಕಡ್ಡಿಯ ಬುಟ್ಟಿಯೇ. ಅದನ್ನು ನಿಲ್ಲಿಸಲಿಕ್ಕೆ ಎರಡೆರಡು ಎಳೆ ಹಿಡಿದು ಹೆಣೆಯಬೇಕು, ದಿನವೆಲ್ಲ ಕೂತರೆ ಒಂದು ಬುಟ್ಟಿ. ಹಾಗೇ ಹೆಣೆಯುತ್ತಿದ್ದಾಗ ಒಂದು ದಿನ ಒಂದು ಕಡ್ಡಿ ಸುಮ್ಮನೆ ಸೇರಿಸಿದಳಂತೆ. ಯಾಕೆ ಸೇರಿಸಿದೆ ಅಂತ ಅತ್ತೆ ಬೈದಳಂತೆ. ಇರಲಿ, ಇದು ಇಲ್ಲದವರ ಪಾಲು ಅಂತ ಇವಳು ಅಂದಳಂತೆ. ಆಮೇಲೆ ಎಳೆ ಸುತ್ತಿದರೆ, ಕೆಳಗೆ ಹೊರಗಿದ್ದದ್ದು ಮೇಲೆ ಒಳಗೆ ಬಂತು, ಒಳಗಿದ್ದದ್ದು ಹೊರಗೆ ಬಂತು, ಒಂದನ್ನೊಂದು ಹಿಡಿದುಕೊಂಡವು. ಒಂದೇ ಎಳೆಗೆ ಬುಟ್ಟಿ ನಿಂತಿತು. ಅವತ್ತಿನಿಂದ ಬಿಟ್ಟಿಲ್ಲ.

ಇಲ್ಲದವರು ಯಾರು ಅಂತ ಗೂಳಪ್ಪ ಕೇಳಲಿಲ್ಲ. ತನ್ನ ಇಬ್ಬರ ಯೋಚನೆಯೇ ಅವನ ತಲೆ ತುಂಬಿತ್ತು. ಮರುದಿನ ಬೆಳಗ್ಗೆ ಅವಳ ಅಂಗಳದಲ್ಲಿಯೇ ಹೊಸದಾಗಿ ತಳ ಕಟ್ಟಿದ. ಹದಿನಾರು ನಿಲ್ಲಿಸಿದ. ಮೊದಲನೆಯ ಕೂಸಿಗೆ ಒಂದು ಕಡ್ಡಿ ಚುಚ್ಚಿದ. ಎರಡನೆಯದಕ್ಕೆ ಇನ್ನೊಂದು ಚುಚ್ಚಿದ. ಅವಳು ನೋಡುತ್ತ ಕೂತಿದ್ದಳು, ಬೇಡ ಅನ್ನಲಿಲ್ಲ. ಮೂರು ಸುತ್ತು ಹೆಣೆದ. ಸುತ್ತುಗಳು ಮತ್ತೆ ಸಡಿಲ. ಹದಿನೆಂಟೂ ಜೋಡಿಯೇ.

ಆಗ ಅವನಿಗೆ ಅರ್ಥವಾಯಿತು. ಒಂದನ್ನು ತೆಗೆಯಬೇಕು.

ಎರಡು ಕಡ್ಡಿಯ ಮೇಲೆ ಎರಡು ಕೈ ಇಟ್ಟು ಕೂತ. ಯಾವುದನ್ನು ತೆಗೆಯಲಿ? ಒಂಬತ್ತು ದಿನ ಇದ್ದದ್ದನ್ನೋ, ಹನ್ನೊಂದು ದಿನ ಇದ್ದದ್ದನ್ನೋ? ಹೆಸರಿದ್ದರೆ ಹೆಸರು ಹಿಡಿದಾದರೂ ಕೇಳಬಹುದಿತ್ತು. ಬಿಸಿಲು ಬೇಲಿಯಿಂದ ಅಂಗಳಕ್ಕೆ ಬಂತು, ಅಂಗಳದಿಂದ ಅವನ ಬೆನ್ನಿಗೆ ಬಂತು. ಅವನು ಕದಲಲಿಲ್ಲ. ಸಂಗ್ರಾಣಿ ಕಲ್ಲು ಎತ್ತುವವನಿಗೆ ಒಂದು ಬಿದಿರ ಕಡ್ಡಿ ಎತ್ತಲಿಕ್ಕೆ ಆಗಲಿಲ್ಲ. ಕಣ್ಣೀರು ಅವನ ಮೀಸೆಯಿಂದ ತೊಟ್ಟಿಕ್ಕಿ ಬುಟ್ಟಿಯ ತಳಕ್ಕೆ ಬಿತ್ತು ಅಂತಾರೆ. ಆ ಬುಟ್ಟಿಗೆ ಬೇರೆ ನೀರು ಚಿಮುಕಿಸಬೇಕಾಗಲಿಲ್ಲ ಅಂತಾರೆ.

"ಯವ್ವಾ" ಅಂದ. ಅಲ್ಲಿಯವರೆಗೆ ಅವಳನ್ನು ಅವನು ಹಾಗೆ ಕರೆದಿರಲಿಲ್ಲ. "ಯವ್ವಾ, ನನ್ನ ಕೈಲೆ ಆಗಂಗಿಲ್ಲ."

ಹುಲಿಗಜ್ಜಿ ಎದ್ದಳು. ಗುಡಿಸಲಿನೊಳಗೆ ಹೋಗಿ, ಸೂರಿಗೆ ಸಿಕ್ಕಿಸಿದ್ದ ಒಂದು ಕಡ್ಡಿ ತಂದಳು. ಒಲೆಯ ಹೊಗೆಗೆ ಕಪ್ಪಾಗಿತ್ತು. ತುದಿಯಲ್ಲಿ ತುಳಿದ ಗುರುತಿತ್ತು. ಅವನು ಹೊಸ್ತಿಲ ಮೇಲೆ ಮುರಿದ ಬುಟ್ಟಿಯಲ್ಲಿ ಮುರಿಯದೆ ಉಳಿದದ್ದು ಅದೊಂದೇ.

"ಯಾವುದನ್ನೂ ತೆಗೀಬ್ಯಾಡ. ಇದನ್ನ ಸೇರಿಸು."

"ಇದು ಯಾರದು?"

"ನಂದು" ಅಂದಳು. "ನಂಗೂ ಒಂದು ಇತ್ತು, ತಮ್ಮಾ. ಹೆಣ್ಣು. ಆಚೆ ದಂಡ್ಯಾಗ ಮಣ್ಣಿಗೆ ಕೊಟ್ಟು ಬಂದೀನಿ."

ಬಂಜಿ ಅಂತ ಊರೆದುರು ಕೂಗಿದ್ದು ಗೂಳಪ್ಪನ ಕಿವಿಯಲ್ಲಿ ಮತ್ತೆ ಕೇಳಿತು. ಅವನು ಎದ್ದು ಅವಳ ಹೊಸ್ತಿಲಿಗೆ, ಎಲ್ಲಿ ತುಳಿದಿದ್ದನೋ ಅಲ್ಲೇ, ಹಣೆ ಹಚ್ಚಿದ. ಆಗಲೂ ಬಾಯಿಂದ ಮಾತು ಹೊರಡಲಿಲ್ಲ. ಅವಳು ಅದಕ್ಕಾಗಿ ಕಾಯಲೂ ಇಲ್ಲ. "ಏಳು, ಎಳೆ ಒಣಗ್ತೈತಿ" ಅಂದಳು.

ಕಪ್ಪು ಕಡ್ಡಿಯನ್ನು ತನ್ನ ಎರಡು ಕಡ್ಡಿಗಳ ನಡುವೆ ಚುಚ್ಚಿದ. ಹತ್ತೊಂಬತ್ತು. ಮೂರು ಸುತ್ತು ಬಿಚ್ಚಿ ಮತ್ತೆ ಶುರುಮಾಡಿದ. ಹೊರಗಿದ್ದದ್ದು ಒಳಗೆ ಬಂತು. ಒಳಗಿದ್ದದ್ದು ಹೊರಗೆ ಬಂತು. ಒತ್ತಬೇಕಾಗಲಿಲ್ಲ, ಹುರಿ ಬೇಕಾಗಲಿಲ್ಲ. ಸಂಜೆಗೆ ಅಂಚು ಕಟ್ಟುವಾಗ ಆ ಕಪ್ಪು ಕಡ್ಡಿ ಹೊಗೆಗೆ ಗಟ್ಟಿಯಾಗಿ ಪೂರ್ತಿ ಬಗ್ಗಲಿಲ್ಲ. ಅದರ ತಲೆ ಜೋಳದ ಕಾಳಿನಷ್ಟು ಅಂಚಿನ ಮೇಲೆ ಉಳಿಯಿತು. ಕತ್ತರಿಸಲಿಕ್ಕೆ ಹೋದವನ ಕೈ ಹಿಡಿದು ಅಜ್ಜಿ, "ಇರ್ಲಿ ಬಿಡು, ಅದೂ ನೋಡ್ಲಿ" ಅಂದಳಂತೆ.

ಹಸಿ ಮರಳು ತುಂಬಿ ಮೂರು ಸಲ ತೂಗಿದರು. ಒಂದು ಹರಳು ಉದುರಲಿಲ್ಲ.

ಬುಟ್ಟಿ ಬಾಣಂತಿ ಕೋಣೆಗೆ ಹೋಯಿತು. ನೀಲವ್ವ ಅದರ ಹಿಂದೆಯೇ ಹೋದಳು. ಮೂರನೆಯ ದಿನ ಹಡೆದಳು. ಹೆಣ್ಣು ಕೂಸು. ಬುಟ್ಟಿಯಲ್ಲಿ ಮಲಗಿಸಿದರೆ ಅದು ಆ ಜೋಳದ ಕಾಳಿನ ಗಂಟಿನ ಕಡೆಗೇ ಮುಖ ಮಾಡಿ ಮಲಗುತ್ತಿತ್ತು ಅಂತಾರೆ. ಗೂಳಪ್ಪ ಹೊಲಕ್ಕೆ ಹೋಗಲಿಲ್ಲ, ಕಟ್ಟೆಗೆ ಹೋಗಲಿಲ್ಲ, ಕೋಣೆಯ ಬಾಗಿಲಲ್ಲೇ ಕೂತ. ಎಂಟನೆಯ ದಿನ ಅವನು ಉಣ್ಣಲಿಲ್ಲ. ಒಂಬತ್ತನೆಯ ದಿನ ಕಳೆಯಿತು. ಹತ್ತು ಕಳೆಯಿತು. ಹನ್ನೊಂದನೆಯ ದಿನ ಕೂಸು ಮಧ್ಯಾಹ್ನದವರೆಗೆ ಹಾಲು ಮುಟ್ಟಲಿಲ್ಲ. ನೀಲವ್ವ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಗೂಳಪ್ಪ ಬುಟ್ಟಿಯ ಪಕ್ಕ ಕೂತು ಹತ್ತೊಂಬತ್ತು ಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿದ. ಮುಟ್ಟಿ ಮುಗಿಸಿ ಮತ್ತೆ ಮುಟ್ಟಿದ. ಎಷ್ಟು ಸಲ ಅಂತ ಯಾರಿಗೂ ಗೊತ್ತಿಲ್ಲ. ಹೊತ್ತು ಇಳಿಯುವಾಗ ಕೂಸು ಬಾಯಿ ತೆರೆದು ಅತ್ತಿತು. ಆಮೇಲೆ ಕುಡಿಯಿತು.

ಹುಲಿಗಜ್ಜಿ ಹೋಗಿ ಎಷ್ಟೋ ಕಾಲವಾಯಿತು. ಅವಳ ಗುಡಿಸಲು ಇದ್ದ ಜಾಗದಲ್ಲಿ ಈಗ ಗುಡಿಯಿಲ್ಲ, ಕಲ್ಲಿಲ್ಲ. ಒಂದು ಬೇಲಿ ಇದೆ. ಹಿರೇಮಡುವಿನಲ್ಲಿ ಬುಟ್ಟಿ ಹೆಣೆಯುವುದು ಈಗ ಒಂದು ಕುಲದ ಕೆಲಸವಲ್ಲ, ಅಪ್ಪ ಆಗುವವರೆಲ್ಲ ಕಲಿಯುತ್ತಾರೆ. ಬೇರೆ ಯಾವ ಊರಿನಲ್ಲಿ ಇದಿದೆ, ತೋರಿಸಿ. ಕಲಿಯುವವನ ಕೆಟ್ಟ ಬುಟ್ಟಿಗಳನ್ನು ಆ ಬೇಲಿಗೆ ತೂಗುಹಾಕುತ್ತಾರೆ. ಒಂಟಿ ಕಡ್ಡಿಯ ಗುಟ್ಟನ್ನು ಮೊದಲು ಯಾರೂ ಹೇಳಿಕೊಡುವುದಿಲ್ಲ. ಜೋಡಿ ಹಾಕಿಕೊಳ್ಳಲಿ, ಸಡಿಲಾಗಲಿ, ಮರಳು ಕಾಲ ಮೇಲೆ ಬೀಳಲಿ. ಬಿದ್ದ ಮೇಲೆ ಒಬ್ಬ ಹಿರಿಯರು ಬಂದು ಹೊಗೆಗೆ ಕಪ್ಪಾದ ಒಂದು ಕಡ್ಡಿ ಕೈಗೆ ಕೊಡುತ್ತಾರೆ. ಅದನ್ನು ಚುಚ್ಚುವ ಮೊದಲು ಒಂದು ಕ್ಷಣ ಸುಮ್ಮನಿದ್ದು, ಅವರವರ ಮನೆಯಲ್ಲಿ ಉಳಿಯದೆ ಹೋದವರನ್ನು ನೆನೆಯುತ್ತಾರೆ. ಅದರ ತಲೆಯನ್ನು ಯಾರೂ ಕತ್ತರಿಸುವುದಿಲ್ಲ. ಸಂತೆಯಲ್ಲಿ ಕೊಂಡವರು ಅದನ್ನು ಕೆಲಸದ ದೋಷ ಅಂದುಕೊಂಡು ಕತ್ತರಿಸುತ್ತಾರೆ. ಅವರಿಗೆ ಯಾರೂ ಹೇಳುವುದಿಲ್ಲ. ನಿಮಗೆ ಹೇಳಿದ್ದಾಯಿತು.

ಇನ್ನು ಹದಿಮೂರನೆಯ ದಿನದ ಮಾತು ಉಳಿದಿದೆ.

ಅವತ್ತು ಗೂಳಪ್ಪನ ಮನೆಯಲ್ಲಿ ಮೊದಲ ಸಲ ತೊಟ್ಟಿಲು ಕಟ್ಟಿದರು. ಕೂಸಿನ ಕಿವಿಯಲ್ಲಿ ಕುರ್ರ್ ಅಂದು ಹೆಸರು ಹೇಳಬೇಕಾದವಳು ಸೋದರತ್ತೆ. ಗೂಳಪ್ಪನಿಗೆ ಅಕ್ಕತಂಗಿಯರಿರಲಿಲ್ಲ. ಅವನು ಹೋಗಿ ಹುಲಿಗಜ್ಜಿಯನ್ನು ಕೈಹಿಡಿದು ಕರೆತಂದು ಆ ಜಾಗದಲ್ಲಿ ಕೂರಿಸಿದ. ಏನು ಹೆಸರು ಅಂತ ಅವಳು ಕೇಳಿದಳು. ನಮ್ಮ ಹತ್ತಿರ ಹೆಸರಿಲ್ಲ, ನಿಮ್ಮ ಹತ್ತಿರ ಒಂದು ಇದೆ ಅಂತ ನೀಲವ್ವ ಅಂದಳಂತೆ. ಅಜ್ಜಿ ಬಗ್ಗಿ ಕೂಸಿನ ಕಿವಿಯಲ್ಲಿ ಹೇಳಿದಳು. ಹೊಳೆ ದಾಟಿ ಬಂದ ಮೇಲೆ ತನ್ನ ಮಗಳ ಆ ಹೆಸರು ಅವಳ ಬಾಯಿಂದ ಹೊರಟದ್ದು ಅದೇ ಮೊದಲು.

ಗೂಳಪ್ಪನಿಗೆ ಕೊನೆಗೆ ಸಿಕ್ಕಿದ್ದು ಕರೆಯಲಿಕ್ಕೆ ಒಂದು ಹೆಸರು. ಸೋಮವ್ವ.